ಲಾರಿ ಚಕ್ರದ ನಟ್ ಬಿಗಿಯುವ ಸರಿಯಾದ ಕ್ರಮ

ಪಂಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಹತ್ತು ನಟ್ ತಿರುಗಿಸಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ನಟ್ ಬಿಗಿದಾಗ ಸ್ಟಡ್ (ನಟ್ ಕೂರುವ ಬೋಲ್ಟ್) ಸ್ವಲ್ಪ ಹಿಗ್ಗಿ, ಚಕ್ರದ ಡಿಸ್ಕನ್ನು (ತೂತುಗಳಿರುವ ನಡುವಿನ ತಟ್ಟೆ) ಹಬ್‌ಗೆ, ಅಂದರೆ ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗಕ್ಕೆ, ಒತ್ತಿ ಹಿಡಿಯುತ್ತದೆ. ಚಕ್ರ ಜಾರದಂತೆ ತಡೆಯುವುದು ಈ ಹಿಡಿತವೇ. ಅದು ಸಡಿಲವಾದರೆ ಡಿಸ್ಕ್ ಅಲುಗಾಡುತ್ತದೆ, ಸ್ಟಡ್ ಮತ್ತೆ ಮತ್ತೆ ಬಾಗಿ ಕೊನೆಗೆ ತುಂಡಾಗುತ್ತದೆ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಲಾರಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಆಕ್ಸಲ್ ಕೆಳಗೆ ಜಾಕ್ ಏರಿಸಿದ ಮೇಲೆ ಸ್ಟ್ಯಾಂಡ್ ಇಡಲೇಬೇಕು.

ಚಕ್ರ ಬಿಚ್ಚಿದಾಗ ಹಬ್ ಮುಖ, ಡಿಸ್ಕಿನ ಎರಡೂ ಬದಿ, ಸ್ಟಡ್ ಥ್ರೆಡ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಸ್ಟಡ್ ಹಿಗ್ಗುವುದು ಒಂದು ಮಿಲಿಮೀಟರ್‌ಗಿಂತ ಬಹಳ ಕಡಿಮೆ. ನಡುವೆ ಸಿಕ್ಕಿದ ತುಕ್ಕು, ಮಣ್ಣು, ದಪ್ಪ ಪೇಂಟ್ ಓಡಾಟದಲ್ಲಿ ಅರೆದುಹೋದರೆ ಅಷ್ಟರಲ್ಲೇ ಹಿಡಿತ ಕಳಚುತ್ತದೆ. ಹಿಂದಿನ ಜೋಡಿ ಚಕ್ರದಲ್ಲಿ ಇಂಥ ಮುಖಗಳು ಹೆಚ್ಚು, ಅಪಾಯವೂ ಹೆಚ್ಚು. ಈ ಮುಖಗಳಿಗೆ ಗ್ರೀಸ್ ಹಚ್ಚಬೇಡಿ. ವಾಷರ್ ಕೂಡಿಕೊಂಡ ನಟ್ ಆದರೆ ನಟ್ ಮತ್ತು ವಾಷರ್ ನಡುವೆ ಒಂದೆರಡು ಹನಿ ಎಣ್ಣೆ ಸಾಕು. ಶಂಕುವಿನಾಕಾರದ ನಟ್‌ಗೆ ತಯಾರಕರ ಕೈಪಿಡಿ ಹೇಳಿದಂತೆ ಮಾಡಿ.

ಎಲ್ಲ ನಟ್‌ಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಬಳಿಕ ಒಂದು ನಟ್ ಬಿಗಿದರೆ ಮುಂದಿನದು ಅದರ ಎದುರಿನದು; ಸಾಲಾಗಿ ಸುತ್ತು ಹಾಕಿದರೆ ಡಿಸ್ಕ್ ಓರೆಯಾಗಿ ಕೂರುತ್ತದೆ. ಎರಡು ಮೂರು ಸುತ್ತಿನಲ್ಲಿ ಬಿಗಿ ಹೆಚ್ಚಿಸಿ, ಚಕ್ರ ನೆಲಕ್ಕೆ ಇಳಿಸಿದ ಮೇಲೆ ಟಾರ್ಕ್ ವ್ರೆಂಚ್‌ನಿಂದ (ನಿಗದಿ ಮಾಡಿದ ಬಿಗಿ ತಲುಪಿದಾಗ ಕ್ಲಿಕ್ ಅನ್ನುವ ಪಾನಾ) ಮುಗಿಸಿ. 22 ಮಿ.ಮೀ. ಸ್ಟಡ್‌ಗಳ ಹತ್ತು ನಟ್ ಚಕ್ರಕ್ಕೆ ಟಾರ್ಕ್, ಅಂದರೆ ತಿರುಗಿಸುವ ಬಲ, ಸಾಮಾನ್ಯವಾಗಿ 600 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ; ನಿಮ್ಮ ಲಾರಿಯ ನಿಖರ ಅಂಕಿ ಕೈಪಿಡಿಯಲ್ಲೇ ನೋಡಿ. ಒಂದು ಮೀಟರ್ ಪೈಪಿನ ತುದಿಗೆ 60 ಕೆ.ಜಿ. ಭಾರ ಬಿದ್ದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಎರಡು ಮೀಟರ್ ಪೈಪ್ ಸಿಕ್ಕಿಸಿ ಅದರ ಮೇಲೆ ಹತ್ತಿ ಕುಣಿದರೆ ಸ್ಟಡ್ ಮಿತಿ ಮೀರಿ ಹಿಗ್ಗಿ ಹಾಳಾಗುವುದು ಖಚಿತ.

ಕೆಲವು ಹಳೆಯ ಲಾರಿಗಳ ಎಡಬದಿ ನಟ್ ಉಲ್ಟಾ ಥ್ರೆಡ್‌ನವು; ಬಿಗಿಯಲು ಎಡಕ್ಕೆ ತಿರುಗಿಸಬೇಕು.

ಚಕ್ರ ಹಾಕಿ 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿ. ನಟ್ ಸಡಿಲಿಸದೆ, ಬಿಗಿಯುವ ದಿಕ್ಕಿನಲ್ಲೇ ವ್ರೆಂಚ್ ಎಳೆಯಿರಿ. ತಿರುಗದೆ ಕ್ಲಿಕ್ ಅಂದರೆ ಸರಿ. ಸ್ವಲ್ಪ ತಿರುಗಿದರೆ ಕ್ಲಿಕ್ ಅನ್ನುವವರೆಗೆ ಬಿಗಿದು, ಮತ್ತಷ್ಟು ಓಡಿದ ಮೇಲೆ ಇನ್ನೊಮ್ಮೆ ನೋಡಿ. ಮತ್ತೆ ಮತ್ತೆ ತಿರುಗುತ್ತಿದ್ದರೆ ಚಕ್ರ ಬಿಚ್ಚಿ ಕಾರಣ ಹುಡುಕಿ. ಕಬ್ಬಿಣದ ರಾಡ್‌ನಿಂದ ಬಡಿದು ಸದ್ದು ಕೇಳುವುದು ತೀರಾ ಸಡಿಲವಾದ ನಟ್ ಹಿಡಿಯಲು ಮಾತ್ರ ಸಾಕು.

ದಿನವೂ ಹೊರಡುವ ಮುಂಚೆ ಕಣ್ಣಾಡಿಸಿ: ನಟ್ ಬುಡದಿಂದ ಹೊರಕ್ಕೆ ತುಕ್ಕಿನ ಗೆರೆ, ಹೊಳೆಯುವ ಉಜ್ಜು ಗುರುತು, ಅಂಡಾಕಾರಕ್ಕೆ ಅಗಲವಾದ ತೂತು, ತೂತಿನ ಸುತ್ತ ಬಿರುಕು. ತೂತು ಅಗಲವಾದ ಅಥವಾ ಬಿರುಕು ಬಿಟ್ಟ ಡಿಸ್ಕನ್ನು ಮತ್ತೆ ಹಾಕಬೇಡಿ, ವೆಲ್ಡ್ ಮಾಡಿಸಲೂ ಬೇಡಿ. ಒಂದು ಸ್ಟಡ್ ಮುರಿದಿದ್ದರೆ ಅದರ ಎರಡೂ ಪಕ್ಕದವನ್ನೂ ಬದಲಿಸಿ, ಏಕೆಂದರೆ ಮುರಿದದ್ದರ ಭಾರ ಹೊತ್ತು ಅವೂ ಸೋತಿರುತ್ತವೆ. ಎರಡು ಮುರಿದಿದ್ದರೆ ಆ ಹಬ್‌ನ ಸ್ಟಡ್‌ಗಳನ್ನೆಲ್ಲ ಹೊಸದಾಗಿ ಹಾಕಿಸಿ.