ಹಿಂದಕ್ಕೆ ಜಾರಲು ಕಲಿತದ್ದು

ವಿರಾಜಪೇಟೆಯ ಮೈದಾನದಲ್ಲಿ ನಾನು ಹಾಕಿಯಲ್ಲಿ ಬ್ಯಾಕ್ ಆಡುತ್ತಿದ್ದಾಗ ಪಿ.ಟಿ. ಮೇಷ್ಟ್ರು ಹೇಳಿಕೊಟ್ಟದ್ದು ಒಂದೇ ಪಾಠ: "ಚೆಂಡು ಹೋದ್ರೆ ಹೋಗ್ಲಿ, ಆಳು ಹೋಗ್ಬಾರ್ದು ಕಣೋ." ಹಾಗಾಗಿ ಫಾರ್ವರ್ಡ್ ಎದುರಿಗೆ ಬಂದನೋ ಇಲ್ಲವೋ, ನುಗ್ಗಿಬಿಡುತ್ತಿದ್ದೆ. ಸ್ಟಿಕ್ಕು ಚಾಚಿ, ಮೊಣಕಾಲು ಊರಿ, ಕೆಂಪು ಮಣ್ಣನ್ನೆಲ್ಲ ಚಡ್ಡಿಗೆ ಬಳಿದುಕೊಂಡು. ಅಪ್ಪ ಸರ್ಕಾರಿ ನೌಕರಿಯಲ್ಲಿ ವರ್ಗವಾಗಿ ಕೊಡಗಿಗೆ ಬಂದವರು, ನಮಗೆ ಅಲ್ಲಿ ಮನೆತನದ ತಂಡ ಇರಲಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಪಂದ್ಯಾಟ ಶುರುಮಾಡಿದಾಗ ನಾನು ಗೆರೆಯ ಆಚೆ ನಿಂತು ನೋಡಿದವನು. ಅದೇ ವರ್ಷ ಜೂನ್‌ನಲ್ಲಿ, ಭೂಮಿಯ ಆಚೆ ಮಗ್ಗುಲಲ್ಲಿ, ಡೆಟ್ರಾಯ್ಟ್ ರೆಡ್ ವಿಂಗ್ಸ್ ಎಂಬ ಐಸ್ ಹಾಕಿ ತಂಡ 42 ವರ್ಷಗಳ ನಂತರ ಸ್ಟ್ಯಾನ್ಲಿ ಕಪ್ ಎತ್ತಿತ್ತು. ಆ ಸುದ್ದಿಗೂ ನನಗೂ ಸಂಬಂಧ ಹುಟ್ಟಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು.

2010ರಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯ ಕೆಲಸಕ್ಕೆ ಮಿಶಿಗನ್‌ಗೆ ಬಂದೆ. ಊಟದ ಹೊತ್ತಿನಲ್ಲಿ ಯಾರೋ ಕೇಳಿದರು, ಊರಲ್ಲಿ ಏನು ಆಡುತ್ತಿದ್ದೆ ಅಂತ. ಹಾಕಿ ಅಂದೆ. ಮೇಜಿನ ಸುತ್ತ ಒಮ್ಮೆಲೇ ಮುಖಗಳು ಅರಳಿದವು. ಅವರ ಪಾಲಿಗೆ ಹಾಕಿ ಎಂದರೆ ಐಸ್ ಮೇಲಿನದು ಮಾತ್ರ. ನಮ್ಮದಕ್ಕೆ 'ಫೀಲ್ಡ್ ಹಾಕಿ' ಎಂದು ಹೆಸರು, ಅದೂ ಅಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳು ಆಡುವ ಆಟ. ತಪ್ಪು ತಿಳಿವಳಿಕೆ ಸರಿಪಡಿಸುವಷ್ಟರಲ್ಲಿ ನನ್ನ ಹೆಸರು ವಯಸ್ಕರ ಕಲಿಕೆ ತರಗತಿಯ ಪಟ್ಟಿಗೆ ಸೇರಿಯಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ನಾನು ಬಂದದ್ದೇ ಅವರಿಗೆ ಲಾಭವಾಯಿತು. ನಮ್ಮ ಹಾಕಿಯಲ್ಲಿ ಎಡಗೈ ಸ್ಟಿಕ್ಕು ಎಂಬುದೇ ಇಲ್ಲ. ಸ್ಟಿಕ್ಕಿನ ದುಂಡು ಮೈಯಿಂದ ಹೊಡೆಯುವಂತಿಲ್ಲ, ಎಲ್ಲರೂ ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿದೇ ಕಲಿಯುತ್ತೇವೆ. ಐಸ್ ಹಾಕಿಯಲ್ಲಿ ಈ ಹಿಡಿತಕ್ಕೆ 'ರೈಟ್ ಶಾಟ್' ಎನ್ನುತ್ತಾರೆ. ಬಲಗಡೆಯ ಡಿಫೆನ್ಸ್‌ಮನ್‌ಗೆ, ಅಂದರೆ ಅಲ್ಲಿನ ಬ್ಯಾಕ್‌ಗೆ, ಇದು ವರ, ಏಕೆಂದರೆ ಬೋರ್ಡಿಗೆ (ರಿಂಕಿನ ಸುತ್ತಲಿನ ಗೋಡೆಗೆ) ಅಂಟಿಕೊಂಡು ಬರುವ ಪಕ್ಕನ್ನು, ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಯನ್ನು, ನೇರ ಕೈಯಲ್ಲೇ ತಡೆಯಬಹುದು. ವೃತ್ತಿಪರ ತಂಡಗಳೂ ಇಂಥವರಿಗೆ ಹುಡುಕಾಡುತ್ತವೆ. ನಮ್ಮ ರಾತ್ರಿ ಲೀಗಿನ ತಂಡದಲ್ಲಂತೂ ಒಬ್ಬರೂ ಇರಲಿಲ್ಲ. ಸ್ಕೇಟ್ ಮೇಲೆ ನೆಟ್ಟಗೆ ನಿಲ್ಲಲು ಬರದವನಿಗೆ ಜಾಗ ಮೊದಲೇ ಕಾಯ್ದಿರಿಸಿದ್ದರು.

ನಿಲ್ಲುವುದು ಎರಡು ತಿಂಗಳಲ್ಲಿ ಬಂತು. ಮುಂದಕ್ಕೆ ಹೋಗುವುದು ನಾಲ್ಕರಲ್ಲಿ. ಡಿಫೆನ್ಸ್‌ಗೆ ಬೇಕಾದದ್ದು ಹಿಂದಕ್ಕೆ ಹೋಗುವುದು, ಅದಕ್ಕೆ ಒಂದು ಇಡೀ ಚಳಿಗಾಲ ಹಿಡಿಯಿತು. ಸ್ಕೇಟಿನ ಅಲಗು ನೋಡಲು ಒಂದೇ ಗೆರೆ. ಬೆರಳಿಟ್ಟು ನೋಡಿದರೆ ನಡುವೆ ತಗ್ಗು, ಎರಡು ಕಡೆ ಎರಡು ಅಂಚು. ಒಂದು ಒಳಗಿನದು, ಒಂದು ಹೊರಗಿನದು. ಹಿಂದಕ್ಕೆ ಹೋಗಬೇಕೆಂದರೆ ಕುರ್ಚಿಯಲ್ಲಿ ಕೂತ ಹಾಗೆ ಸೊಂಟ ಇಳಿಸಿ, ಒಳ ಅಂಚಿನಿಂದ ಐಸ್ ಮೇಲೆ ಅರ್ಧಚಂದ್ರ ಬರೆಯಬೇಕು, ಒಂದು ಕಾಲು ಆದ ಮೇಲೆ ಇನ್ನೊಂದು. ರಂಗೋಲಿಯ ಎಳೆ ಎಳೆದ ಹಾಗೆ ಅಂದುಕೊಂಡೆ. ಮೊದಲ ದಿನ ನನ್ನ ಎಳೆಗಳು ರಂಗೋಲಿಗಿಂತ ಕೋಳಿ ಕೆದರಿದ ಹಾಗಿದ್ದವು. ಬಗ್ಗಿ ಕೆಳಗೆ ನೋಡಿದರೆ ಬಿದ್ದೆ. ತಲೆ ಎತ್ತಿದರೂ ಬಿದ್ದೆ. ಹಿಂದಕ್ಕೆ ಹೋಗುತ್ತಲೇ ಮುಂದಕ್ಕೆ ತಿರುಗಿ ಓಡುವುದು ಬಲಕ್ಕೆ ಸುಲಭವಾಗಿ ಬಂತು. ಎಡಕ್ಕೆ ಇವತ್ತಿಗೂ ಅರ್ಧ ಸೆಕೆಂಡ್ ತಡ. ಇದು ಗೊತ್ತಿರುವ ಎದುರಾಳಿಗಳು ನನ್ನ ಎಡಗಡೆಯಿಂದಲೇ ಬರುತ್ತಾರೆ.

2011ರ ನವೆಂಬರ್‌ನಲ್ಲಿ ಮೊದಲ ಪಂದ್ಯ. ರಾತ್ರಿ ಹತ್ತೂಮುಕ್ಕಾಲಿಗೆ, ಏಕೆಂದರೆ ಒಳ್ಳೆಯ ಸಮಯವೆಲ್ಲ ಮಕ್ಕಳ ತಂಡಗಳಿಗೆ. ಎರಡನೇ ಶಿಫ್ಟಿನಲ್ಲಿ, ಅಂದರೆ ಐಸ್ ಮೇಲೆ ಇಳಿದ ಎರಡನೇ ಸರದಿಯಲ್ಲಿ, ಒಬ್ಬ ಪಕ್ ಹಿಡಿದು ನನ್ನೆದುರಿಗೆ ಬಂದ. ವಿರಾಜಪೇಟೆ ನೆನಪಾಯಿತು, ನುಗ್ಗಿದೆ. ಮಣ್ಣಿನ ಮೇಲಾದರೆ ತಪ್ಪಿದ ಬ್ಯಾಕ್ ತಿರುಗಿ ಬೆನ್ನಟ್ಟಬಹುದು. ಐಸ್ ಮೇಲೆ ಮುಂದಕ್ಕೆ ಎಸೆದ ದೇಹ ಮುಂದಕ್ಕೇ ಹೋಗುತ್ತದೆ. ಅವನು ಪಕ್ಕನ್ನು ಒಂದು ಅಡಿ ಸರಿಸಿದ, ಅಷ್ಟೇ. ನಾನು ಅವನನ್ನು ದಾಟಿ, ನಮ್ಮ ಫಾರ್ವರ್ಡ್ ಒಬ್ಬನನ್ನು ಬೀಳಿಸಿ, ಎದುರು ತಂಡದ ಬೆಂಚಿನ ಬಾಗಿಲಿಗೆ ಹೋಗಿ ಬಡಿದುಕೊಂಡೆ. ಹಿಂದೆ ಗೋಲಿನ ಸದ್ದು. ಬೆಂಚಿನಲ್ಲಿದ್ದವರು ಬಾಗಿಲು ತೆರೆದು, ಒಳಗೆ ಬರ್ತೀಯಾ ಅಂತ ಕೇಳಿದರು.

ನನ್ನ ಜೋಡಿ ಡಿಫೆನ್ಸ್‌ಮನ್ ಕಾರ್ಖಾನೆಯ ಲೈನಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಅರವತ್ತು ದಾಟಿದ ಮನುಷ್ಯ. ಬೈಯಲಿಲ್ಲ. ಪಕ್ ನೋಡಬೇಡ, ಅವನ ಎದೆ ನೋಡು. ಪಕ್ ಸುಳ್ಳು ಹೇಳುತ್ತದೆ, ಎದೆ ಹೇಳಲ್ಲ ಅಂದ. ಆಮೇಲೆ ಇನ್ನೊಂದು ಕೆಲಸ ಹಚ್ಚಿದ: ರೆಡ್ ವಿಂಗ್ಸ್ ಆಡುವ ಜೋ ಲೂಯಿಸ್ ಅರೀನಾಕ್ಕೆ ಹೋಗು, ಎಲ್ಲಕ್ಕಿಂತ ಮೇಲಿನ ಅಗ್ಗದ ಸೀಟು ತಗೋ, ಒಂದು ಪೂರ್ತಿ ಪೀರಿಯಡ್ ಐದನೇ ನಂಬರನ್ನು ಬಿಟ್ಟು ಬೇರೆ ಯಾರನ್ನೂ ನೋಡಬೇಡ.

ಐದನೇ ನಂಬರ್ ನಿಕ್ಲಾಸ್ ಲಿಡ್‌ಸ್ಟ್ರೋಮ್. ಸ್ವೀಡನ್ನಿನವರು, ಆಗ 41 ವರ್ಷ. ನಾನು ಹೋದದ್ದು 2012ರ ಜನವರಿಯಲ್ಲಿ. ರೆಡ್ ವಿಂಗ್ಸ್ ತವರಿನಲ್ಲಿ ಸೋಲುವುದನ್ನೇ ಮರೆತಿದ್ದ ಹೊತ್ತು ಅದು, ಆ ಸಾಲು ಸತತ 23 ಗೆಲುವುಗಳ ದಾಖಲೆಯವರೆಗೂ ಹೋಯಿತು. ಹೇಳಿದಂತೆ ಇಪ್ಪತ್ತು ನಿಮಿಷ ಅವರನ್ನೇ ನೋಡಿದೆ. ನಿಜ ಹೇಳಬೇಕೆಂದರೆ ಬೇಜಾರಾಯಿತು. ಮನುಷ್ಯ ಏನೂ ಮಾಡುತ್ತಿಲ್ಲ! ಯಾರನ್ನೂ ಗುದ್ದಲಿಲ್ಲ, ಅಡ್ಡ ಬಿದ್ದು ಉರುಳಲಿಲ್ಲ. ಎದುರಾಳಿ ವೇಗವಾಗಿ ಬಂದರೆ ಇವರು ಅಷ್ಟೇ ವೇಗದಲ್ಲಿ ಹಿಂದಕ್ಕೆ ಜಾರುತ್ತಾರೆ, ಸ್ಟಿಕ್ಕಿನ ತುದಿ ಐಸ್ ಮೇಲೆ, ಇಬ್ಬರ ನಡುವಿನ ಅಂತರ ಹಾಗೇ. ಆಮೇಲೆ ನೋಡಿದರೆ ಎದುರಾಳಿ ಎಲ್ಲೋ ಬೋರ್ಡಿನ ಮೂಲೆಯಲ್ಲಿ ಒಬ್ಬನೇ ಸಿಕ್ಕಿಕೊಂಡಿರುತ್ತಾನೆ, ಪಕ್ ಇವರ ಹತ್ತಿರ ಇರುತ್ತದೆ. ಮೂರನೇ ಸಲ ಹೀಗಾದಾಗ ನನಗೆ ಕೂದಲು ನೆಟ್ಟಗಾಯಿತು. ಆ ಮೂಲೆಗೆ ಅವನು ಹೋದದ್ದಲ್ಲ, ಇವರು ಕಳಿಸಿದ್ದು.

ಅವರ ವೃತ್ತಿಜೀವನವನ್ನು ಅಂಕಿಗಳಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ: 1989ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು) ಮೂರನೇ ಸುತ್ತು, 53ನೇ ಹೆಸರು, 1991ರಿಂದ 20 ಸೀಸನ್, ಒಂದೇ ತಂಡ, ನಾಲ್ಕು ಸ್ಟ್ಯಾನ್ಲಿ ಕಪ್, ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಏಳು ಸಲ, 2006ರ ಟುರಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿನ್ಲೆಂಡ್ ವಿರುದ್ಧ ಚಿನ್ನ ತಂದ ಗೋಲು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಅಂಕಿ. 1564 ಲೀಗ್ ಪಂದ್ಯಗಳಲ್ಲಿ ಅವರು ತಪ್ಪಾಟದ ಶಿಕ್ಷೆಗೆ ಆಟದ ಹೊರಗೆ ಕೂತದ್ದು ಒಟ್ಟು 514 ನಿಮಿಷ. ಪಂದ್ಯಕ್ಕೆ ಇಪ್ಪತ್ತು ಸೆಕೆಂಡ್ ಲೆಕ್ಕ. ಎದುರಾಳಿಯನ್ನು ತಡೆಯುವುದೇ ಕೆಲಸವಾದವನು ಎಳೆಯದೆ, ಕೊಕ್ಕೆ ಹಾಕದೆ, ಬೀಳಿಸದೆ ಇಷ್ಟು ವರ್ಷ ಕಳೆದದ್ದು ಹೇಗೆ? ಅವರಿಗೆ ಒಂದು ಪಂದ್ಯದ ನಿಷೇಧವೂ ಬಿದ್ದಿತ್ತು, 2009ರಲ್ಲಿ. ಕಾರಣ, ಆಲ್-ಸ್ಟಾರ್ ಪ್ರದರ್ಶನ ಪಂದ್ಯಕ್ಕೆ ಬರಲಿಲ್ಲ ಅಂತ!

ನನ್ನ ಜೋಡಿಯ ಆ ಮುದುಕ ಬಿಯರ್ ಹಿಡಿದು ಪದೇ ಪದೇ ಹೇಳುತ್ತಿದ್ದ ಕತೆ 1997ರ ಫೈನಲ್‌ನದು. ಎದುರಿಗೆ ಫಿಲಡೆಲ್ಫಿಯಾ, ಅವರಲ್ಲಿ ಆರಡಿ ನಾಲ್ಕಿಂಚಿನ ಎರಿಕ್ ಲಿಂಡ್ರೋಸ್, ಅಕ್ಕಪಕ್ಕ ಅದೇ ಗಾತ್ರದ ಇನ್ನಿಬ್ಬರು. ಗೂಳಿಗೆ ಗೂಳಿಯೇ ಮದ್ದು ಅಂತ ಎಲ್ಲರ ಲೆಕ್ಕ. ಡೆಟ್ರಾಯ್ಟ್‌ನಲ್ಲಿ ಮೈಮೇಲೆ ಬಿದ್ದು ಆಡುವುದರಲ್ಲಿ ಹೆಸರಾದವನು ವ್ಲಾಡಿಮಿರ್ ಕಾನ್‌ಸ್ಟಾಂಟಿನೋವ್. ಕೋಚ್ ಸ್ಕಾಟಿ ಬೌಮನ್ ಆ ಮೂವರ ಮೇಲೆ ಬಿಟ್ಟದ್ದು ಲಿಡ್‌ಸ್ಟ್ರೋಮ್ ಮತ್ತು ಲ್ಯಾರಿ ಮರ್ಫಿಯನ್ನು, ಗುದ್ದುವ ಜಾಯಮಾನವೇ ಇಲ್ಲದ ಜೋಡಿಯನ್ನು. ಗುದ್ದಲು ಯಾರೂ ಸಿಗದಿದ್ದರೆ ಗೂಳಿ ಏನು ಮಾಡೀತು? ನಾಲ್ಕಕ್ಕೆ ನಾಲ್ಕೂ ಡೆಟ್ರಾಯ್ಟ್ ಗೆದ್ದಿತು, ಲಿಂಡ್ರೋಸ್‌ಗೆ ಸಿಕ್ಕಿದ್ದು ಒಂದೇ ಗೋಲು. ಇಲ್ಲಿಗೆ ಬಂದಾಗ ಮುದುಕ ಸುಮ್ಮನಾಗುತ್ತಿದ್ದ. ಕಪ್ ಗೆದ್ದ ಆರೇ ದಿನಕ್ಕೆ ಕಾನ್‌ಸ್ಟಾಂಟಿನೋವ್ ಇದ್ದ ಲಿಮೊಸಿನ್ ಅಪಘಾತವಾಗಿ ಅವನ ಆಟ ಅಲ್ಲಿಗೇ ನಿಂತಿತು. ಮರುವರ್ಷ ಮತ್ತೆ ಗೆದ್ದಾಗ ಗಾಲಿಕುರ್ಚಿಯಲ್ಲಿ ಕೂರಿಸಿ ಐಸ್ ಮೇಲೆ ಕರೆತಂದು ಮಡಿಲಲ್ಲಿ ಕಪ್ ಇಟ್ಟರು.

ಇನ್ನು ನಾನು ಮಾಡಿಕೊಂಡದ್ದು. ಬೋಲ್ಟ್ ಬಿಗಿಯುವ ಕೆಲಸದ ಹಾಗೆ ಇದಕ್ಕೂ ಅಳತೆ ಇದೆ. ಎದುರಾಳಿ ನಡುಗೆರೆ ದಾಟುವಾಗ ಇಬ್ಬರ ನಡುವೆ ಎರಡು ಸ್ಟಿಕ್ಕಿನಷ್ಟು ಅಂತರ. ನಮ್ಮ ಬ್ಲೂ ಲೈನಿಗೆ (ನಮ್ಮ ಗೋಲಿನ ಕಡೆಯ ನೀಲಿ ಗೆರೆಗೆ) ಬರುವಷ್ಟರಲ್ಲಿ ಒಂದು ಸ್ಟಿಕ್ಕು. ಹೆಚ್ಚಾದರೆ ಅವನು ಆರಾಮವಾಗಿ ಹೊಡೆಯುತ್ತಾನೆ, ಕಡಿಮೆಯಾದರೆ ದಾಟಿ ಹೋಗುತ್ತಾನೆ. ನಾನು ಯಾವತ್ತೂ ಗೋಲು ಇರುವ ಒಳಮಗ್ಗುಲಲ್ಲೇ ಇರಬೇಕು, ಹೊರಗಿನ ದಾರಿ ಬೇಕಾದರೆ ಅವನಿಗೇ ಇರಲಿ. ಸ್ಟಿಕ್ಕು ಒಂದೇ ಕೈಯಲ್ಲಿ, ಮೊಣಕೈ ಮಡಚಿ. ಇದು ಕಲಿಯಲು ಕಷ್ಟ, ಏಕೆಂದರೆ ಕೈ ತಾನಾಗಿ ಚಾಚಿಕೊಳ್ಳುತ್ತದೆ. ಮಡಚಿ ಇಟ್ಟರೆ ಎದುರಿನವನಿಗೆ ನನ್ನ ಕೈ ಎಷ್ಟು ಉದ್ದ ಅಂತ ತಿಳಿಯಲ್ಲ. ಹತ್ತಿರ ಬಂದಾಗ ಚಾಚಿದರೆ ಪಕ್ ಸಿಗುತ್ತದೆ. ಇಬ್ಬರು ಬಂದು ನಾನೊಬ್ಬನೇ ಇದ್ದರೆ ಹೊಡೆತ ಗೋಲಿಯ (ಗೋಲ್‌ಕೀಪರ್‌ನ) ಪಾಲು, ಪಾಸ್ ನನ್ನ ಪಾಲು. ಈ ಒಪ್ಪಂದ ಮುರಿದರೆ ಗೋಲಿ ನನ್ನನ್ನು ಪಾರ್ಕಿಂಗ್ ಲಾಟ್‌ವರೆಗೂ ಬಿಡುವುದಿಲ್ಲ.

ಎದುರಾಳಿ ಪಕ್ಕನ್ನು ನಮ್ಮ ಮೂಲೆಗೆ ಎಸೆದು ಬೆನ್ನಟ್ಟುವಾಗ ಅದನ್ನು ತರಲು ಹೋಗುವವನು ಡಿಫೆನ್ಸ್‌ಮನ್. ಗಾಜಿಗೆ ಮುಖ, ಬೆನ್ನಿಗೆ ಓಡಿಬರುವ ಎದುರಾಳಿ. ನಮ್ಮ ಲೀಗಿನಲ್ಲಿ ಮೈಗೆ ಮೈ ಗುದ್ದುವಂತಿಲ್ಲ, ಆದರೂ ಐಸ್ ಮೇಲೆ ಎಲ್ಲರಿಗೂ ನಿಲ್ಲಲು ಬರುತ್ತದೆ ಎಂದು ನಂಬುವ ಹಾಗಿಲ್ಲ. ಪಕ್ ಮುಟ್ಟುವ ಮೊದಲು ಎರಡು ಸಲ ಹೆಗಲ ಮೇಲಿಂದ ತಿರುಗಿ ನೋಡಬೇಕು. ಒಂದು ಸಲ ಸಾಲದು. ಮೊದಲನೆಯದರಲ್ಲಿ ಯಾರಿದ್ದಾರೆ, ಎರಡನೆಯದರಲ್ಲಿ ಎಷ್ಟು ಬೇಗ ಬರುತ್ತಿದ್ದಾರೆ. ಆ ಹೊತ್ತಿಗೆ ಜೋಡಿಯವನು ಕೂಗಬೇಕು. 'ವೀಲ್' ಅಂದರೆ ಬಲೆಯ ಹಿಂದಿನಿಂದ ಸುತ್ತಿಕೊಂಡು ಹೋಗು, 'ರಿವರ್ಸ್' ಅಂದರೆ ಬಂದ ಕಡೆಗೇ ಬಿಟ್ಟುಬಿಡು, 'ಓವರ್' ಅಂದರೆ ನನಗೆ ಕೊಡು. ಗಾಬರಿಯಲ್ಲಿ ನಾನು ಒಮ್ಮೆ "ಇತ್ಲಾಗೆ ಕೊಡೋ!" ಎಂದು ಕೂಗಿದ್ದೆ. ಅವನು ಕೊಟ್ಟ ಕೂಡ.

ಲಿಡ್‌ಸ್ಟ್ರೋಮ್‌ರಿಂದ ಕದಿಯಲು ಹೋಗಿ ಕೆಟ್ಟದ್ದೂ ಇದೆ. ಜೋ ಲೂಯಿಸ್ ಅರೀನಾದ ಹಿಂಬದಿ ಬೋರ್ಡುಗಳು ಪಕ್ಕನ್ನು ಚಿಮ್ಮಿಸುವುದಕ್ಕೆ ಹೆಸರುವಾಸಿಯಾಗಿದ್ದವು. ಅವರು ಬ್ಲೂ ಲೈನಿನಿಂದ ಬೇಕಂತಲೇ ಗೋಲಿನ ಬದಿಗೆ ಹೊಡೆಯುತ್ತಿದ್ದರು. ಪಕ್ ಬೋರ್ಡಿಗೆ ಬಡಿದು ಬಲೆಯ ಇನ್ನೊಂದು ಮಗ್ಗುಲಲ್ಲಿ ಕಾದಿದ್ದವನ ಸ್ಟಿಕ್ಕಿಗೆ ಬರುತ್ತಿತ್ತು. ನಾನೂ ಹೊಡೆದೆ. ನಮ್ಮ ರಿಂಕಿನ ಬೋರ್ಡು ಒದ್ದೆ ಗೋಣಿಚೀಲ. ಪಕ್ ಅಲ್ಲೇ ಸತ್ತುಬಿತ್ತು, ಎದುರಾಳಿ ಎತ್ತಿಕೊಂಡು ಹೋಗಿ ಗೋಲು ಹಾಕಿ ಬಂದ.

2012ರ ಫೆಬ್ರವರಿಯಲ್ಲಿ ಒಂದು ಶಾಟ್ ತಡೆಯಲು ಹೋಗಿ ಪಕ್ ಬಲಗಾಲಿನ ಗಿಣ್ಣಿಗೆ ಬಡಿಯಿತು. ಆರು ಔನ್ಸ್ ಗಟ್ಟಿ ರಬ್ಬರು, ಅದೂ ಪುಟಿಯದಿರಲೆಂದು ಫ್ರೀಜರಿನಲ್ಲಿಟ್ಟು ತೆಗೆದದ್ದು. ಮನೆಗೆ ಬಂದು ಸಾಕ್ಸ್ ಬಿಚ್ಚಿದರೆ ನೇರಳೆ ಹಣ್ಣಿನ ಬಣ್ಣ. ಹೆಂಡತಿ ಐಸ್ ಪ್ಯಾಕ್ ತಂದಿಟ್ಟು, "ಐಸ್ ಮೇಲೆ ಹೋಗಿ ಬೀಳೋದು, ಮನೆಗೆ ಬಂದು ಅದ್ರಿಂದಾನೇ ಒತ್ತಿಸಿಕೊಳ್ಳೋದು. ಅತ್ತೆಗೆ ಫೋನ್ ಮಾಡಿ ಹೇಳ್ಲೇನ್ರೀ?" ಅಂದಳು. ಅದೇ ತಿಂಗಳ ಕೊನೆಯಲ್ಲಿ ಲಿಡ್‌ಸ್ಟ್ರೋಮ್ ಕೂಡ ಶಾಟ್ ತಡೆಯುವಾಗ ಗಿಣ್ಣಿಗೇ ಪೆಟ್ಟು ಮಾಡಿಕೊಂಡು ಹತ್ತಕ್ಕೂ ಹೆಚ್ಚು ಪಂದ್ಯ ಕೂತರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ಮೇ 31ಕ್ಕೆ ಅವರು ನಿವೃತ್ತಿ ಘೋಷಿಸಿದರು. ಹಿಂದಿನ ವರ್ಷವಷ್ಟೇ ಏಳನೇ ನಾರಿಸ್ ಗೆದ್ದಿದ್ದವರು; ಇನ್ನೂ ಒಂದೆರಡು ವರ್ಷ ಯಾರೂ ಬೇಡ ಅನ್ನುತ್ತಿರಲಿಲ್ಲ. 2014ರ ಮಾರ್ಚ್‌ನಲ್ಲಿ ಐದನೇ ನಂಬರಿನ ಜೆರ್ಸಿ ಚಾವಣಿಗೆ ಏರಿತು. 2017ರಲ್ಲಿ ಆ ಚಾವಣಿಯ ಕೆಳಗಿನ ಆಟವೂ ಮುಗಿಯಿತು.

ಮುದುಕ ಮೊಣಕಾಲು ಬದಲಿಸಿಕೊಂಡು ಫ್ಲೋರಿಡಾ ಸೇರಿದ. ನಾನಿನ್ನೂ ಆಡುತ್ತಿದ್ದೇನೆ. ಹೋದ ಚಳಿಗಾಲ ಒಂದು ರಾತ್ರಿ ಇಬ್ಬರು ಹುಡುಗರು ಬಂದರು, ನಾನೊಬ್ಬ. ಪಕ್ ಹಿಡಿದವನು ಭುಜ ಕುಣಿಸಿದ, ಸ್ಟಿಕ್ಕು ಕುಣಿಸಿದ. ಎದೆ ನೋಡುತ್ತಾ ಹಿಂದಕ್ಕೆ ಜಾರಿದೆ. ಅವನು ಕಾದ. ನಾನೂ ಕಾದೆ. ಪಾಸಿನ ದಾರಿಯಲ್ಲಿ ನನ್ನ ಸ್ಟಿಕ್ಕು ಮಲಗಿತ್ತು. ಕಾದು ಕಾದು ಅವನಿಗೆ ಜಾಗ ಮುಗಿದು, ಮೂಲೆಗೆ ಹೋಗಿ ಗಾಜಿಗೆ ಎದುರಾಗಿ ನಿಂತ. ಯಾರೂ ಚಪ್ಪಾಳೆ ತಟ್ಟಲಿಲ್ಲ, ನೋಡಲು ಏನೂ ನಡೆದೇ ಇರಲಿಲ್ಲ. ಗೋಲಿ ಮಾತ್ರ ತನ್ನ ಸ್ಟಿಕ್ಕಿನಿಂದ ನನ್ನ ಕಾಲಿನ ಪ್ಯಾಡಿಗೆ ಎರಡು ಸಲ ತಟ್ಟಿದ. ಮುಂದಿನ ಶಿಫ್ಟಿನಲ್ಲಿ, ಸುತ್ತ ಯಾರೂ ಇಲ್ಲದಾಗ, ಎಡಕ್ಕೆ ತಿರುಗಲು ಹೋಗಿ ಬಿದ್ದೆ.