ಕಾರುಗಳ ಸಂದಿಯಲ್ಲಿ ಸೈಕಲ್: ಸಂಜೆ ರಶ್ಶಿನಲ್ಲಿ ಹೋಗುವುದು ಹೇಗೆ?

ಸಂಜೆ ಆರಕ್ಕೆ ಕಲಬುರಗಿಯ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆ ಹೊರಟರೆ ಎಷ್ಟೋ ಸಲ ಕಾರಿಗಿಂತ ಸೈಕಲ್ಲೇ ಮೊದಲು ಮುಟ್ಟುತ್ತದೆ. ಕಾರುಗಳು ಅಂಟಿಕೊಂಡು ನಿಂತಿರುತ್ತವೆ. ನಡುವೆ ಟಂಟಂ, ತಳ್ಳುಗಾಡಿ, ಎಲ್ಲಿಗೆ ಹೋಗಬೇಕೆಂದು ಇನ್ನೂ ತೀರ್ಮಾನಿಸದ ಒಂದೆರಡು ದನ. ನಾವು ಸಂದಿಯಲ್ಲಿ ತೂರಿಕೊಂಡು ಹೋಗುತ್ತೇವೆ. ತೂರಬೇಡಿ ಅಂತ ಹೇಳೋಕೆ ನನಗೆ ಬಾಯಿಲ್ಲ, ನಾನೂ ದಿನಾ ತೂರುವವನೇ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳುವುದನ್ನು ಪೆಟ್ಟು ತಿಂದು ಕಲಿತೆ. ಇಷ್ಟು ರಶ್ಶಿನಲ್ಲಿ ಈ ಜಾಗ ಮಾತ್ರ ಯಾಕೆ ಖಾಲಿ ಇದೆ?

ಅವತ್ತು ಒಂದು ಕಾರು ನಿಂತಿತ್ತು, ಅದರ ಮುಂದೆ ಇನ್ನೊಂದು ಕಾರು ಹಿಡಿಯುವಷ್ಟು ಜಾಗ ಖಾಲಿ. ಅದೃಷ್ಟ ಅಂತ ಎಡಗಡೆಯಿಂದ ಜೋರಾಗಿ ತುಳಿದೆ. ಎದುರಿನಿಂದ ಬಂದು ಗಲ್ಲಿಗೆ ತಿರುಗುತ್ತಿದ್ದ ಬೈಕಿಗೆ ಕಾರಿನವರು ದಾರಿ ಬಿಟ್ಟು ನಿಂತಿದ್ದರು. ಕಾರು ಅಡ್ಡ ಇದ್ದಿದ್ದಕ್ಕೆ ಅವನಿಗೆ ನಾನು ಕಾಣಲಿಲ್ಲ, ನನಗೆ ಅವನು ಕಾಣಲಿಲ್ಲ. ಮುಂದಿನ ರಿಮ್ ಬೆಂಡಾಯಿತು, ಮೊಣಕಾಲಿನ ಚರ್ಮ ಕಿತ್ತುಹೋಯಿತು. "ಕಾಕಾ, ಪೆಟ್ಟಾಯ್ತೇನ್ರಿ?" ಅಂತ ಎಬ್ಬಿಸಿದವನೂ ಅವನೇ. ಲೆಕ್ಕ ಹಾಕಿದರೆ ತಪ್ಪು ನನ್ನದೇ ಜಾಸ್ತಿ.

ಮೊದಲು ವೇಗ ಇಳಿಸಿ

ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಹೋಗುತ್ತದೆ. ಸಣ್ಣ ಕಾರಿನ ಉದ್ದ ಸುಮಾರು 4 ಮೀಟರ್. ಅಂದರೆ ಅಪಾಯ ಕಂಡು ಬ್ರೇಕ್ ಹಿಡಿಯುವಷ್ಟರಲ್ಲೇ ಒಂದು ಕಾರು ದಾಟಿಬಿಟ್ಟಿರುತ್ತೀರಿ. 10 ಕಿ.ಮೀ. ಇದ್ದರೆ ಮೂರು ಮೀಟರೂ ಆಗುವುದಿಲ್ಲ. ಹಾಗಾಗಿ ಸಂದಿಗೆ ಇಳಿಯುವ ಮುಂಚೆಯೇ ನಿಧಾನ ಮಾಡಿ, ಬೆರಳು ಎರಡೂ ಬ್ರೇಕಿನ ಮೇಲಿರಲಿ. ಕಾರುಗಳು ಸರಾಗವಾಗಿ ಓಡತೊಡಗಿದವೋ, ತೂರುವುದು ನಿಲ್ಲಿಸಿ ಒಂದರ ಹಿಂದೆ ಸಾಲಿಗೆ ಸೇರಿಕೊಳ್ಳಿ.

ಹ್ಯಾಂಡಲ್ ಸುಮಾರು ಎರಡು ಅಡಿ ಅಗಲ. ಎರಡೂ ಕಡೆ ಒಂದೊಂದು ಅಡಿ ಬೇಕು. ನಾಲ್ಕು ಅಡಿ ಇಲ್ಲದಿದ್ದರೆ ಸುಮ್ನೆ ನಿಂತುಬಿಡಿ.

ಎಡವೋ ಬಲವೋ?

ಇಲ್ಲೇ ಎಲ್ಲರೂ ಎಡವುವುದು. ನಿಂತ ಕಾರಿನ ಎಡಗಡೆ ಜನ ಇಳಿಯುತ್ತಾರೆ. ಬಾಗಿಲು ಪೂರ್ತಿ ತೆರೆದರೆ ಹತ್ತಿರ ಹತ್ತಿರ ಒಂದು ಮೀಟರ್ ಹೊರಗೆ ಬರುತ್ತದೆ. ಟಂಟಂ ಮತ್ತು ಆಟೋದವರಂತೂ ಕೈ ಅಡ್ಡ ಹಾಕಿದಲ್ಲಿ ನಿಲ್ಲಿಸಿ ಎಡಕ್ಕೇ ಜನ ಇಳಿಸುತ್ತಾರೆ. ಆಟೋದ ಎಡಕ್ಕೆ ನಾನು ಈಗ ಹೋಗುವುದೇ ಇಲ್ಲ.

ಬಲಗಡೆ ಹೋದರೆ ಒಂದು ಲಾಭ ಇದೆ. ಚಾಲಕ ಕೂತಿರುವುದು ಆ ಕಡೆ, ಬೈಕುಗಳು ನುಗ್ಗುವುದೂ ಆ ಕಡೆಯಿಂದಲೇ, ಅದಕ್ಕೆ ಆ ಕನ್ನಡಿ ನೋಡುವ ಅಭ್ಯಾಸ ಅವರಿಗಿರುತ್ತದೆ. ಆದರೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರು ಬರುವ ಗಾಡಿಗೆ ನೀವು ನೇರವಾಗಿ ಸಿಗುತ್ತೀರಿ. ಕಾರುಗಳು ಪೂರ್ತಿ ನಿಂತಿವೆ, ಎದುರು ಯಾರೂ ಬರುತ್ತಿಲ್ಲ, ಮುಂದೆ ಮತ್ತೆ ಒಳಗೆ ಸೇರಿಕೊಳ್ಳಲು ಜಾಗವಿದೆ ಅಂದಾಗ ಮಾತ್ರ ಬಲ. ಇಲ್ಲವಾದರೆ ಎಡಗಡೆಯೇ ಸರಿ, ಆದರೆ ನಡೆಯುವವರ ವೇಗದಲ್ಲಿ.

ಹೋಗುವಾಗ ಮೂರು ಕಡೆ ಕಣ್ಣಿರಲಿ. ಹಿಂದಿನ ಗಾಜಿನಲ್ಲಿ ತಲೆ ಕಂಡರೆ ಒಳಗೆ ಜನ ಇದ್ದಾರೆ, ಬಾಗಿಲು ತೆರೆಯಬಹುದು. ಮುಂದಿನ ಚಕ್ರ ಸೊಟ್ಟ ತಿರುಗಿತೋ, ಕಾರು ಇಂಡಿಕೇಟರ್ ಹಾಕದೆಯೇ ಆ ಕಡೆ ಬರುತ್ತದೆ. ಬ್ರೇಕ್ ಲೈಟ್ ಆರಿತು ಅಂದರೆ ಈಗ ಹೊರಡುತ್ತದೆ.

ಗಂಟೆಯನ್ನು ನಂಬಬೇಡಿ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ ಅಲ್ವಾ? ಕಾರಿನವರು ಗಾಜು ಏರಿಸಿ, ಏಸಿ ಹಾಕಿ, ಹಾಡು ಬೇರೆ ಹಚ್ಚಿರುತ್ತಾರೆ. ನಿಮ್ಮ ಟ್ರಿಣ್ ಟ್ರಿಣ್ ಹೊರಗೇ ಉಳಿಯುತ್ತದೆ. ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣುತ್ತಿದೆಯಾ ನೋಡಿ. ಕಾಣದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ.

ಬಸ್ಸು, ಲಾರಿ, ಟ್ರಾಲಿ

ಇವುಗಳ ಮಟ್ಟಿಗೆ ಒಂದೇ ಮಾತು: ಎಡಕ್ಕೆ ತೂರಬೇಡಿ. ಬಸ್ಸಿನ ಮೂತಿ ಎಡಕ್ಕೆ ತಿರುಗಿ ಹೋದ ಮೇಲೂ ಹಿಂದಿನ ಚಕ್ರ ಒಳಗೊತ್ತಿಕೊಂಡು ಬರುತ್ತದೆ. ಪಕ್ಕದಲ್ಲಿದ್ದರೆ ಫುಟ್‌ಪಾತ್ ಮತ್ತು ಚಕ್ರದ ನಡುವೆ ಸಿಕ್ಕಿಬೀಳುತ್ತೀರಿ. ತೊಗರಿ ಸುಗ್ಗಿಯಲ್ಲಿ ಗಂಜ್ ಮಾರುಕಟ್ಟೆ ಕಡೆ ಹೊರಟ ಟ್ರ್ಯಾಕ್ಟರುಗಳ ಹಿಂದೆಯೂ ದೂರ ಇರಿ. ಎಷ್ಟೋ ಟ್ರಾಲಿಗಳಿಗೆ ಬ್ರೇಕ್ ಲೈಟೇ ಇರುವುದಿಲ್ಲ. ಮಳೆ ಬಂದರೆ ರಸ್ತೆ ಅಂಚಿನ ಎರೆಮಣ್ಣು ಸಾಬೂನಿನಂತೆ ಜಾರುತ್ತದೆ. ಅವತ್ತು ಸಂದಿಯ ಆಸೆಯೇ ಬೇಡ.

ಸಿಗ್ನಲ್ಲಿನಲ್ಲಿ ದೊಡ್ಡ ಗಾಡಿಯ ಪಕ್ಕ ನಿಲ್ಲಬೇಡಿ. ಸಂದಿಯಲ್ಲಿರುವಾಗಲೇ ಹಸಿರು ಬಿದ್ದರೆ ಪೈಪೋಟಿಗೆ ಇಳಿಯದೆ, ಒಂದು ಕಾರನ್ನು ಮುಂದೆ ಬಿಟ್ಟು ಅದರ ಹಿಂದೆ ಸೇರಿಕೊಳ್ಳಿ.

ಕಾರಿನಲ್ಲಿ ಕೂರುವವರಿಗೂ ಒಂದು ಮಾತು. ಬಾಗಿಲಿನ ಪಕ್ಕದ ಕೈಯಿಂದ ತೆರೆಯಬೇಡಿ, ಇನ್ನೊಂದು ಕೈ ಬಳಸಿ. ಎಡ ಬಾಗಿಲಿಗೆ ಬಲಗೈ. ಆಗ ಮೈ ತಾನಾಗೇ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕದಲ್ಲೂ 2022ರಲ್ಲಿ ಇದನ್ನು ಸೇರಿಸಿದ್ದಾರೆ. ನಮ್ಮ ಮನೆಯಲ್ಲಿ ಮಗಳು ಬೇಗ ಕಲಿತಳು, ನನಗೇ ಇನ್ನೂ ರೂಢಿಯಾಗಿಲ್ಲ. ಮೊನ್ನೆ ತಮ್ಮನ ಕಾರಿನಿಂದ ಇಳಿಯಲು ಎಡಗೈ ಹಾಕಿದ್ದೆ, ಅಷ್ಟರಲ್ಲಿ ಅಂಗಿ ಹಿಡಿದು ಜಗ್ಗಿದಳು. "ತಡೀರಿ ಅಪ್ಪಾ, ಸೈಕಲ್ ಬರ್ಲಾಕತ್ತದ."