ದರ ಬಿಟ್ಟೆ, ಮೊತ್ತ ಹಿಡಿದೆ: ಮೂರು ಕರೆನ್ಸಿಯ ಲೆಕ್ಕ ಕೊನೆಗೂ ತಾಳೆಯಾಯಿತು

ಡಾಲರ್, ಯೂರೊ, ಯೆನ್ ಮೂರೂ ಈಗ ಗ್ನೂಕ್ಯಾಶ್ ಅನ್ನುವ ಲೆಕ್ಕಪತ್ರ ತಂತ್ರಾಂಶದ ಒಂದೇ ಫೈಲಿನಲ್ಲಿವೆ. ಆರು ವರ್ಷದ್ದು, ಹತ್ತಿರ ಹತ್ತಿರ ಒಂಬತ್ತು ಸಾವಿರ ಸಾಲು. ಒಂದು ಸೆಂಟ್ ಕೂಡ ಹೆಚ್ಚು ಕಡಿಮೆ ಇಲ್ಲ. "ಸುಮ್ನೆ ಸ್ಪ್ರೆಡ್‌ಶೀಟಲ್ಲಿ ಎಲ್ಲಾನೂ ಒಂದೇ ಕರೆನ್ಸಿ ಮಾಡಿ ಹಾಕು, ಇಲ್ದಿದ್ರೆ ಈ ಜನ್ಮದಲ್ಲಿ ಮುಗಿಯಲ್ಲ" ಅಂದವರಿಗೆಲ್ಲ ಬ್ಯಾಲೆನ್ಸ್ ಶೀಟ್ ತೋರಿಸಿದ್ದಾಯಿತು.

ಅವರು ಹೇಳಿದ್ದನ್ನೂ ಮಾಡಿ ನೋಡಿದ್ದೆ. ಮೊದಲು ಚೆನ್ನಾಗಿಯೇ ಕಂಡಿತು. ಆಮೇಲೆ ಯೆನ್ ಖಾತೆಯನ್ನು ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಲು ಕೂತರೆ, ಫೈಲಿನಲ್ಲಿ ಯೆನ್ನೇ ಇಲ್ಲ! ಏನನ್ನು ಯಾವುದರ ಜೊತೆ ಹೋಲಿಸೋದು?

ಮುಂದೆ ಸುಮಾರು 40 ಡಾಲರ್ ಕೊಟ್ಟು ಸ್ಟೇಟ್‌ಮೆಂಟನ್ನು ಬೇರೆ ಫೈಲ್ ಮಾದರಿಗೆ ಬದಲಿಸುವ ಒಂದು ಕನ್ವರ್ಟರ್ ತಗೊಂಡೆ. ಅದು ಕೊಟ್ಟಿದ್ದು ಕ್ಯೂಐಎಫ್, ಲೆಕ್ಕದ ಸಾಲುಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವ ಹಳೆಯ ಫೈಲ್ ಮಾದರಿ. ಅದರಲ್ಲಿ ಕರೆನ್ಸಿ ಬರೆಯಲು ಜಾಗವೇ ಇಲ್ಲ, ಗೊತ್ತಲ್ವಾ. ಯೆನ್‌ಗೆ ದಶಮಾಂಶ ಇಲ್ಲ ಅನ್ನುವುದೂ ಅದಕ್ಕೆ ತಿಳಿದಿರಲಿಲ್ಲ, 15,000 ಯೆನ್ 150.00 ಆಗಿ ಬಂತು. ಯೂರೊ ಸ್ಟೇಟ್‌ಮೆಂಟಿನ 1.234,56 (ಅಲ್ಲಿ ಅಲ್ಪವಿರಾಮವೇ ದಶಮಾಂಶ ಚಿಹ್ನೆ) ಒಂದೂಕಾಲು ಯೂರೊಗೂ ಕಡಿಮೆಯಾಯಿತು. ದುಡ್ಡು ವಾಪಸ್ ಕೇಳಿದೆ, ಉತ್ತರ ಬರಲಿಲ್ಲ.

ನಿಜವಾದ ತಲೆನೋವು ವಿನಿಮಯ ದರದ್ದು. ಒಂದು ಸಾಲು ನೋಡಿ. ಡಾಲರ್ ಖಾತೆಯಿಂದ 1,375.00 ಹೋಗಿದೆ, ಯೂರೊ ಖಾತೆಗೆ 1,262.93 ಬಂದಿದೆ. ಸ್ಟೇಟ್‌ಮೆಂಟಿನಲ್ಲಿ ಅಚ್ಚಾದ ದರ 0.9185. ಗುಣಿಸಿದರೆ 1,262.94. ಒಂದೇ ಸೆಂಟ್ ಜಾಸ್ತಿ. ಇಂಥವು ನೂರಾರು ಸೇರಿದಾಗ ಯಾವ ಖಾತೆಯೂ ಕೂಡುವುದಿಲ್ಲ. ಹಾಗಾಗಿ ದರದ ಕಾಲಂ ಅನ್ನೇ ಕಿತ್ತು ಹಾಕಿದೆ. ಎರಡೂ ಕಡೆಯ ಮೊತ್ತ ನಿಜ, ದರ ಬರೀ ಭಾಗಾಕಾರ. ಗ್ನೂಕ್ಯಾಶ್ ಒಳಗೆ ಮೊತ್ತಗಳನ್ನು ಭಿನ್ನರಾಶಿಯಾಗಿ ಇಟ್ಟುಕೊಳ್ಳುತ್ತದೆ, ಅದಕ್ಕೆ ದುಂಡು ದರ ಬೇಕಾಗಿಲ್ಲ. ಎಚ್‌ಲೆಡ್ಜರ್ (ಇನ್ನೊಂದು ಲೆಕ್ಕದ ತಂತ್ರಾಂಶ) ಬಳಸುವವರು ಬಿಡಿ ದರದ @ ಬಿಟ್ಟು ಒಟ್ಟು ಮೊತ್ತದ @@ ಹಾಕಿದರೆ ಇದೇ ಕೆಲಸ ಆಗುತ್ತದೆ.

ಎರಡು ಸ್ಟೇಟ್‌ಮೆಂಟ್ ಬೇರೆ ಬೇರೆ ದಿನ ಬರುತ್ತವಲ್ಲ, ಅದಕ್ಕೆ ಕರೆನ್ಸಿಗೊಂದು "ದಾರಿಯಲ್ಲಿ" ಖಾತೆ ತೆರೆದೆ. ಡಾಲರ್ ಸ್ಟೇಟ್‌ಮೆಂಟಿನ ವರ್ಗಾವಣೆಗಳೆಲ್ಲ "ದಾರಿಯಲ್ಲಿ-ಡಾಲರ್"ಗೆ. ಯೂರೊ ಕಡೆ ಬಂದದ್ದೆಲ್ಲ "ದಾರಿಯಲ್ಲಿ-ಯೂರೊ"ದಿಂದ. ಕೊನೆಗೆ ಅವೆರಡರ ನಡುವೆ ಒಂದು ನಮೂದು. ಅಲ್ಲಿ ದರ ಕೇಳಿದಾಗ ಕೊಡಬೇಡಿ, ತಲುಪಿದ ಮೊತ್ತ ಕೊಡಿ. ಗ್ನೂಕ್ಯಾಶ್‌ನ ಟ್ರೇಡಿಂಗ್ ಖಾತೆಗಳ (ಕರೆನ್ಸಿ ಬದಲಾವಣೆಯನ್ನು ತಾನೇ ಸರಿದೂಗಿಸುವ ಖಾತೆಗಳು) ಆಯ್ಕೆ ಮೊದಲೇ ಆನ್ ಇರಲಿ. ದಾರಿಯ ಖಾತೆ ಸೊನ್ನೆಯಾಗದಿದ್ದರೆ ಏನೋ ಬಾಕಿ ಇದೆ ಅಂತ ಅರ್ಥ. ನನ್ನದರಲ್ಲಿ 300 ಡಾಲರ್ ನಿಂತಿತ್ತು. ಹುಡುಕಿದರೆ ಬ್ಯಾಂಕ್ ಅದನ್ನು ತಿರುಗಿ ನನ್ನ ಹಳೆಯ, ಮರೆತೇಹೋಗಿದ್ದ ಖಾತೆಗೆ ಹಾಕಿತ್ತು. ಕನ್ವರ್ಟರ್ ದುಡ್ಡು ಏಳು ಪಟ್ಟು ವಸೂಲಿ!

ಹೋದ ಮೊತ್ತಕ್ಕೂ ಬಂದ ಮೊತ್ತಕ್ಕೂ ಜೋಡಿ ಸಾಲು ಹುಡುಕಲು ಸಣ್ಣ ಪೈಥಾನ್ ಸ್ಕ್ರಿಪ್ಟ್ ಇದೆ. ದಿನಾಂಕದಲ್ಲಿ ನಾಲ್ಕೈದು ದಿನ, ದರದಲ್ಲಿ ನೂರಕ್ಕೆ ಎರಡು ಮೂರು ಆಚೀಚೆ ಬಿಡುತ್ತೇನೆ. ಒಂದೇ ದಿನ ಒಂದೇ ಮೊತ್ತದ ಎರಡು ವರ್ಗಾವಣೆ ಇದ್ದರೆ ಬಿಡಿಸುವ ಉಪಾಯ ಮಾತ್ರ ನನ್ನ ಹತ್ತಿರವೇ ಇರಲಿ.

ಇದರ ನಡುವೆ ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನ 1999ರಿಂದ ಇರುವ ದಿನದ ದರಗಳನ್ನೆಲ್ಲ ತುಂಬಿಸಿ ನೋಡಿದೆ. ಫೈಲ್ ತೆರೆಯಲು ತಿಣುಕಾಡಿತು, ಈಗ ತಿಂಗಳ ಕೊನೆಯದ್ದು ಮಾತ್ರ ಇಟ್ಟಿದ್ದೇನೆ. ಅವು ಒಂದು ಯೂರೊಗೆ ಎಷ್ಟು ಡಾಲರ್ ಅಂತ ಇರುತ್ತವೆ, ತಿರುಗಿಸಿಕೊಳ್ಳಬೇಕು. ಶನಿವಾರ, ಭಾನುವಾರ ದರ ಇರುವುದಿಲ್ಲ. ಮಾಹಿತಿಗಷ್ಟೇ ಅಂತ ಅವರೇ ಹೇಳುತ್ತಾರೆ, ಆದರೆ ಹೋಲಿಸಲು ಚೆನ್ನಾಗಿದೆ. ಮೇಲಿನ ವರ್ಗಾವಣೆಗೆ ಹಣ ಕಳಿಸುವ ಸೇವೆಯವರು "ಶುಲ್ಕ ಇಲ್ಲ" ಅಂದಿದ್ದರು. ಆ ದಿನದ ದರಕ್ಕೆ ಹಿಡಿದರೆ ಏಳೂವರೆ ಯೂರೊ ಕಡಿಮೆ ಬಂದಿತ್ತು. ವರ್ಷಕ್ಕೆ ಕೂಡಿದರೆ ಇನ್ನೂರರ ಹತ್ತಿರ. ಆ ಸೇವೆ ಬಿಟ್ಟೆ.

ರೀಫಂಡ್ ಮಾತ್ರ ಈಗಲೂ ಕೈಯಲ್ಲೇ ಮಾಡುತ್ತೇನೆ. ಯೆನ್‌ನಲ್ಲಿ ಕೊಂಡದ್ದಕ್ಕೆ ಕಾರ್ಡಿನಿಂದ 63.10 ಯೂರೊ ಹೋಗಿ, ವಾಪಸ್ ಬಂದದ್ದು 61.85. ಉಳಿದ 1.25 "ವಿನಿಮಯ ನಷ್ಟ"ಕ್ಕೆ.